ಫ್ಯಾಶನ್ ಪುಟದಿಂದ ಮ್ಯೂಸಿಯಂ ಗೋಡೆಗೆ

ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಎಂದರೆ ಈಜಿಪ್ಟಿನ ಮಮ್ಮಿಗಳಿಂದ ಹಿಡಿದು ರೆಂಬ್ರಾಂಟನ ವರ್ಣಚಿತ್ರಗಳವರೆಗೆ ಜಗತ್ತಿನ ಕಲಾಸಂಪತ್ತೆಲ್ಲ ಒಂದೇ ಸೂರಿನಡಿ ಸೇರಿರುವ ಜಾಗ. 1978ರ ಸೆಪ್ಟೆಂಬರಿನಲ್ಲಿ ಅಲ್ಲಿನ ಗೋಡೆಗಳನ್ನು ಏರಿದ್ದು ಮಹಿಳೆಯರ ಫ್ಯಾಶನ್ ಮಾಸಿಕಗಳಿಗಾಗಿ ತೆಗೆದ ಫೋಟೊಗಳು. ತೆಗೆದವನು ರಿಚರ್ಡ್ ಅವೆಡನ್. 1947ರಿಂದ 1977ರವರೆಗೆ, ಮೂವತ್ತು ವರ್ಷಗಳ ದುಡಿಮೆ. ಆ ಪ್ರದರ್ಶನ ನಡೆಯುತ್ತಿದ್ದಾಗಲೇ ‘ನ್ಯೂಸ್‌ವೀಕ್’ ವಾರಪತ್ರಿಕೆ ಅವೆಡನ್‌ನನ್ನು ಮುಖಪುಟಕ್ಕೆ ತಂದಿತು. ಹೊಗಳಿದವರಿದ್ದಂತೆ ಮೂಗು ಮುರಿದವರೂ ಇದ್ದರು. ಬಟ್ಟೆ ಮಾರುವ ಸಲುವಾಗಿ ತೆಗೆದ ಚಿತ್ರಕ್ಕೆ ಕಲಾಮಂದಿರದಲ್ಲಿ ಏನು ಕೆಲಸ ಎಂಬುದು ಅವರ ಪ್ರಶ್ನೆ.

ಪ್ರಶ್ನೆಯಲ್ಲಿ ಹುರುಳಿಲ್ಲದಿರಲಿಲ್ಲ. ಫ್ಯಾಶನ್ ಪತ್ರಿಕೆಯ ಪುಟದ ಆಯಸ್ಸು ಒಂದು ತಿಂಗಳು. ಮುಂದಿನ ಸಂಚಿಕೆ ಬಂದ ಕೂಡಲೇ ಹಿಂದಿನದು ಹಳೇ ಪೇಪರಿನ ಕಟ್ಟಿಗೆ ಸೇರುತ್ತದೆ. ಅಷ್ಟರೊಳಗೆ ಆ ಪುಟ ಒಂದು ಉಡುಗೆಯ ಮೇಲೆ ಆಸೆ ಹುಟ್ಟಿಸಿರಬೇಕು. ಅದಕ್ಕೇ ಚಿತ್ರದ ಅಡಿಬರಹದಲ್ಲಿ ಇರುತ್ತಿದ್ದುದು ಬಟ್ಟೆಯ ವಿವರ, ಅದನ್ನು ಹೊಲಿದ ಮನೆತನ, ಸಿಗುವ ಅಂಗಡಿ, ಅನೇಕ ವೇಳೆ ಬೆಲೆ. ಅದನ್ನು ತೊಟ್ಟು ನಿಂತ ಹೆಂಗಸಿನ ಹೆಸರು ಸಾಮಾನ್ಯವಾಗಿ ಇರುತ್ತಿರಲಿಲ್ಲ. ಅಂಥ ಚಿತ್ರವನ್ನು ಕತ್ತರಿಸಿ ತಂದು ಚೌಕಟ್ಟು ಹಾಕಿ ಗೋಡೆಗೆ ತೂಗುಹಾಕಿದಾಗ ಏನಾಗುತ್ತದೆ? ಈ ಪ್ರಶ್ನೆಯನ್ನು ಮ್ಯೂಸಿಯಂಗಳಿಗಿಂತ ಹೆಚ್ಚಾಗಿ ತಲೆಗೆ ಹಚ್ಚಿಕೊಂಡವನು ಸ್ವತಃ ಅವೆಡನ್. ‘ಫ್ಯಾಶನ್ ಛಾಯಾಚಿತ್ರಕಾರ’ ಎಂಬ ಹಣೆಪಟ್ಟಿಯ ಜೊತೆ ಆತ ಬದುಕಿರುವಷ್ಟೂ ಕಾಲ ಜಗಳವಾಡಿದ.

ಅವೆಡನ್ ಹುಟ್ಟಿದ್ದು 1923ರ ಮೇ 15ರಂದು, ನ್ಯೂಯಾರ್ಕಿನಲ್ಲಿ. ತಂದೆ ಜೇಕಬ್ ಇಸ್ರೇಲ್ ಅವೆಡನ್ ರಷ್ಯಾದಿಂದ ವಲಸೆ ಬಂದ ಯೆಹೂದಿ. ಫಿಫ್ತ್ ಅವೆನ್ಯೂ ಎಂಬ ಸಿರಿವಂತರ ಬೀದಿಯಲ್ಲಿ ಹೆಂಗಸರ ಉಡುಪಿನ ಅಂಗಡಿ ನಡೆಸಿದವರು. ಹೀಗಾಗಿ ಮಗನಿಗೆ ಫ್ಯಾಶನ್ ಪತ್ರಿಕೆಗಳು ಮನೆಯಲ್ಲೇ ಸಿಗುತ್ತಿದ್ದವು. ಆ ಮನೆಯ ಫೋಟೊ ಆಲ್ಬಂ ಬಗ್ಗೆ ಅವೆಡನ್ ಮುಂದೊಮ್ಮೆ ಬರೆದದ್ದು ಸ್ವಾರಸ್ಯವಾಗಿದೆ. ಫೋಟೊ ತೆಗೆಸಿಕೊಳ್ಳುವುದೆಂದರೆ ಆ ಕುಟುಂಬಕ್ಕೆ ದೊಡ್ಡ ಸಿದ್ಧತೆ. ಚೆನ್ನಾಗಿ ಉಡುಪು ತೊಟ್ಟು ತಮ್ಮದಲ್ಲದ ಮನೆಗಳ ಮುಂದೆ, ತಮ್ಮದಲ್ಲದ ಕಾರುಗಳ ಪಕ್ಕ ನಿಲ್ಲುತ್ತಿದ್ದರು. ಜೊತೆಗೊಂದು ನಾಯಿ ಇರಲೇಬೇಕು. ಅದೂ ಎರವಲು. ಒಂದೇ ವರ್ಷದ ಚಿತ್ರಗಳಲ್ಲಿ ಹನ್ನೊಂದು ಬೇರೆ ಬೇರೆ ನಾಯಿಗಳನ್ನು ಆತ ಎಣಿಸಿದ್ದ! ಫೋಟೊದಲ್ಲಿ ಜನ ತಾವಿರುವಂತೆ ಕಾಣಲು ಬಯಸುವುದಿಲ್ಲ, ತಾವು ಆಗಬೇಕೆಂದುಕೊಂಡಂತೆ ಕಾಣಲು ಬಯಸುತ್ತಾರೆ ಎಂಬ ಪಾಠ ಆ ಹುಡುಗನಿಗೆ ಮನೆಯಲ್ಲೇ ಆಯಿತು. ಫ್ಯಾಶನ್ ಉದ್ಯಮ ನಿಂತಿರುವುದೇ ಈ ಬಯಕೆಯ ಮೇಲೆ.

ಎರಡನೇ ಮಹಾಯುದ್ಧದ ಕಾಲದಲ್ಲಿ, 1942ರಿಂದ 1944ರವರೆಗೆ, ಅವೆಡನ್ ಅಮೆರಿಕದ ವಾಣಿಜ್ಯ ನೌಕಾದಳದಲ್ಲಿದ್ದ. ಕೈಯಲ್ಲಿ ತಂದೆ ಕೊಟ್ಟ ರೋಲಿಫ್ಲೆಕ್ಸ್ ಕ್ಯಾಮೆರಾ. ಕೆಲಸವೆಂದರೆ ನಾವಿಕರ ಗುರುತಿನ ಚೀಟಿಗೆ ಮುಖದ ಫೋಟೊ ತೆಗೆಯುವುದು. ಬರಿಯ ಹಿನ್ನೆಲೆ, ಎದುರು ನೋಟ, ಒಬ್ಬರಾದ ಮೇಲೆ ಒಬ್ಬರು. ಜಗತ್ತಿನ ಅತ್ಯಂತ ನೀರಸ ಛಾಯಾಗ್ರಹಣ ಇದು ಎನ್ನಬಹುದು. ಆದರೆ ಸಾವಿರಾರು ಮುಖಗಳನ್ನು ಹೀಗೆ ಕಂಡವನು ನಲವತ್ತು ವರ್ಷಗಳ ಬಳಿಕ ಮಾಡಿದ ಅತ್ಯುತ್ತಮ ಕೆಲಸದ ಅಚ್ಚು ಇಲ್ಲಿಯೇ ಇತ್ತು.

ಯುದ್ಧ ಮುಗಿಯುವ ವೇಳೆಗೆ ‘ಹಾರ್ಪರ್ಸ್ ಬಜಾರ್’ ಪತ್ರಿಕೆಯ ಕಲಾ ನಿರ್ದೇಶಕ ಅಲೆಕ್ಸಿ ಬ್ರೊಡೊವಿಚ್‌ನ ಕಣ್ಣಿಗೆ ಈ ತರುಣ ಬಿದ್ದ. ಬ್ರೊಡೊವಿಚ್ ಛಾಯಾಚಿತ್ರಕಾರರಿಗೆ ಪಾಠ ಹೇಳುತ್ತಿದ್ದ ಕಠಿಣ ಗುರು. ಪುಟದಲ್ಲಿ ಬಿಳಿ ಜಾಗವನ್ನು ಧೈರ್ಯವಾಗಿ ಖಾಲಿ ಬಿಡುವುದನ್ನು ಅಮೆರಿಕದ ಪತ್ರಿಕೆಗಳಿಗೆ ಕಲಿಸಿದವನು. 1947ರಲ್ಲಿ ಸಂಪಾದಕಿ ಕಾರ್ಮೆಲ್ ಸ್ನೋ ಅವೆಡನ್‌ನನ್ನು ಪ್ಯಾರಿಸ್ಸಿಗೆ ಕರೆದೊಯ್ದಳು. ನಾಜಿಗಳ ಆಕ್ರಮಣದಲ್ಲಿ ನಲುಗಿದ್ದ ಪ್ಯಾರಿಸ್ ಆಗಷ್ಟೇ ಉಸಿರು ತೆಗೆದುಕೊಳ್ಳುತ್ತಿತ್ತು. ಕ್ರಿಶ್ಚಿಯನ್ ಡಿಯೊರ್ ಎಂಬ ವಸ್ತ್ರವಿನ್ಯಾಸಕ ಬಟ್ಟೆಯ ಪಡಿತರ ಕಂಡಿದ್ದ ಕಾಲದಲ್ಲೇ ಗಜಗಟ್ಟಲೆ ಬಟ್ಟೆ ಸುರಿದು ಅಗಲ ಲಂಗಗಳನ್ನು ಹೊಲಿಸಿ ಹುಯಿಲೆಬ್ಬಿಸಿದ್ದ. ಅಲ್ಲಿಯವರೆಗೆ ಫ್ಯಾಶನ್ ಚಿತ್ರದ ರೂಪದರ್ಶಿ ಹೆಚ್ಚಾಗಿ ಪ್ರತಿಮೆಯಂತೆ ನಿಲ್ಲುತ್ತಿದ್ದಳು. ಅವೆಡನ್ ಆಕೆಯನ್ನು ಬೀದಿಗೆ, ಹೋಟೆಲಿಗೆ, ಜೂಜುಕಟ್ಟೆಗೆ ಕರೆದೊಯ್ದ. ಓಡಿಸಿದ, ನಗಿಸಿದ, ಕುಣಿಸಿದ. 1957ರಲ್ಲಿ ಬಂದ ‘ಫನ್ನಿ ಫೇಸ್’ ಎಂಬ ಹಾಲಿವುಡ್ ಚಿತ್ರದಲ್ಲಿ ಫ್ರೆಡ್ ಆಸ್ಟೇರ್ ನಟಿಸಿದ ಫೋಟೊಗ್ರಾಫರನ ಪಾತ್ರಕ್ಕೆ ಈತನೇ ಮಾದರಿ.

1955ರ ಆಗಸ್ಟಿನಲ್ಲಿ ತೆಗೆದ ಒಂದು ಚಿತ್ರವಂತೂ ಫ್ಯಾಶನ್ ಛಾಯಾಗ್ರಹಣದ ಚರಿತ್ರೆಯಲ್ಲೇ ಹೆಸರಾಯಿತು. ಸ್ಥಳ ಪ್ಯಾರಿಸ್ಸಿನ ‘ಸರ್ಕ್ ದಿವೇರ್’ ಎಂಬ ಸರ್ಕಸ್. ಕಪ್ಪು ಸಂಜೆಯುಡುಪು, ಅದರ ಮೇಲೆ ಇಳಿಬಿದ್ದ ಉದ್ದನೆಯ ಬಿಳಿ ನಡುಪಟ್ಟಿ ತೊಟ್ಟ ತೆಳ್ಳನೆಯ ರೂಪದರ್ಶಿಯೊಬ್ಬಳು ಆನೆಗಳ ಸಾಲಿನ ಮುಂದೆ ತೋಳು ಚಾಚಿ ನಿಂತಿದ್ದಾಳೆ. ಉಡುಪು ಡಿಯೊರ್ ಮನೆತನದ್ದು. ಅದನ್ನು ವಿನ್ಯಾಸ ಮಾಡಿದವನು ಆಗಿನ್ನೂ ಅಲ್ಲಿ ಕಿರಿಯ ಸಹಾಯಕನಾಗಿದ್ದ ಈವ್ ಸಾಂ ಲೊರಾಂ. ಒರಟು ಸುಕ್ಕು ಚರ್ಮ, ಅದರೆದುರು ನುಣುಪಾದ ರೇಷ್ಮೆ. ಕಲ್ಪನೆ ಸರಳ, ಪರಿಣಾಮ ಅಸಾಧಾರಣ. ಹೀಗಿದ್ದೂ ಅವೆಡನ್‌ಗೆ ತೃಪ್ತಿಯಿರಲಿಲ್ಲ. ಆ ನಡುಪಟ್ಟಿ ಎಡಕ್ಕೆ ಹಾರುವಂತೆ ಮಾಡಬೇಕಿತ್ತು ಎಂದು ಎಷ್ಟೋ ವರ್ಷಗಳ ನಂತರವೂ ಹಳಹಳಿಸುತ್ತಿದ್ದ.

1978ರ ಮೆಟ್ರೊಪಾಲಿಟನ್ ಪ್ರದರ್ಶನಕ್ಕಾಗಿ ಈ ಚಿತ್ರವನ್ನು ಏಳು ಅಡಿಗೂ ಮಿಕ್ಕಿದ ಎತ್ತರಕ್ಕೆ ಹಿಗ್ಗಿಸಿ ಮುದ್ರಿಸಲಾಯಿತು. ಪತ್ರಿಕೆಯ ಪುಟದಲ್ಲಿ ಪುಟ್ಟದಾಗಿದ್ದ ಮುಖ ಈಗ ನೋಡುವವರ ಮುಖಕ್ಕೆ ಸಮ. ಪುಟ ತಿರುವುವ ಕೈಗೆ ಇಲ್ಲಿ ಕೆಲಸವಿಲ್ಲ, ಹತ್ತಿರ ಹೋಗಬೇಕು, ಹಿಂದೆ ಸರಿಯಬೇಕು. ಹಾಗೆ ನೋಡುವಾಗ ಮಾಸಿಕದ ಓದುಗರು ಗಮನಿಸದೆ ಬಿಟ್ಟಿರಬಹುದಾದ ಒಂದು ವಿವರ ಕಣ್ಣಿಗೆ ಬೀಳುತ್ತದೆ: ಆನೆಗಳ ಕಾಲಿಗೆ ಸರಪಳಿ ಬಿಗಿದಿದೆ. ಕುಣಿಯುವಂತೆ ಮೇಲೆದ್ದ ಆ ಕಾಲುಗಳು ಕಟ್ಟಿಹಾಕಿದ ಕಾಲುಗಳು. ಉಡುಪು ಮಾರಾಟಕ್ಕಿದ್ದಾಗ ಈ ವಿವರ ಯಾರಿಗೂ ಬೇಕಿರಲಿಲ್ಲ. ಉಡುಪು ಹಳತಾದ ಮೇಲೆ ಅದೂ ಚಿತ್ರದ ಅರ್ಥಕ್ಕೆ ಸೇರಿಕೊಂಡಿತು.

ಬದಲಾದ ಇನ್ನೊಂದು ಸಂಗತಿ ಅಡಿಬರಹ. ಮ್ಯೂಸಿಯಂನಲ್ಲಿ ಈ ಚಿತ್ರದ ಹೆಸರು ‘ಆನೆಗಳೊಂದಿಗೆ ಡೊವಿಮಾ’. ಅದಾದ ಮೇಲೆ ಡಿಯೊರ್, ಸರ್ಕಸ್, ಪ್ಯಾರಿಸ್, ತಿಂಗಳು, ವರ್ಷ. ಹೆಂಗಸಿನ ಹೆಸರು ಉಡುಪಿಗಿಂತ ಮುಂದೆ ಬಂದಿದೆ. ಡೊವಿಮಾ ಎಂಬುದೂ ಕಟ್ಟಿಕೊಂಡ ಹೆಸರೇ. ಡೊರೊತಿ ವರ್ಜೀನಿಯಾ ಮಾರ್ಗರೆಟ್ ಜೂಬಾ ಎಂಬ ನ್ಯೂಯಾರ್ಕಿನ ಹುಡುಗಿ ತನ್ನ ಮೂರು ಹೆಸರುಗಳ ಮೊದಲೆರಡು ಅಕ್ಷರಗಳನ್ನು ಜೋಡಿಸಿ ಮಾಡಿಕೊಂಡದ್ದು. ಐವತ್ತರ ದಶಕದಲ್ಲಿ ಅತಿ ಹೆಚ್ಚು ಸಂಭಾವನೆ ಪಡೆಯುತ್ತಿದ್ದ ರೂಪದರ್ಶಿಯರಲ್ಲಿ ಆಕೆ ಒಬ್ಬಳು. ಕೊನೆಯ ವರ್ಷಗಳಲ್ಲಿ ಫ್ಲಾರಿಡಾದ ಫೋರ್ಟ್ ಲಾಡರ್‌ಡೇಲ್‌ನ ಪಿಜ್ಜಾ ಹೋಟೆಲೊಂದರಲ್ಲಿ ಗಿರಾಕಿಗಳನ್ನು ಬರಮಾಡಿಕೊಂಡು ಕೂರಿಸುವ ಕೆಲಸ ಮಾಡಿದಳು. 1990ರಲ್ಲಿ ತೀರಿಕೊಂಡಳು. ಮೆಟ್ರೊಪಾಲಿಟನ್ ಗೋಡೆಗಾಗಿ ಮಾಡಿದ ಆ ದೊಡ್ಡ ಪ್ರತಿ 2010ರಲ್ಲಿ ಪ್ಯಾರಿಸ್ಸಿನ ಕ್ರಿಸ್ಟೀಸ್ ಹರಾಜಿನಲ್ಲಿ 8,41,000 ಯೂರೊಗಳಿಗೆ ಹೋಯಿತು. ಕೊಂಡವರು ಡಿಯೊರ್ ಸಂಸ್ಥೆಯವರು.

ಮ್ಯೂಸಿಯಂಗಳು ಫ್ಯಾಶನ್ ಛಾಯಾಚಿತ್ರಕಾರರಿಗೆ ಬಾಗಿಲು ತೆರೆಯುವುದರಲ್ಲಿ ಅವೆಡನ್ ಒಬ್ಬನೇ ಮೊದಲಿಗನಲ್ಲ. 1968ರಲ್ಲಿ ಲಂಡನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿ ಸೆಸಿಲ್ ಬೀಟನ್‌ನ ಚಿತ್ರಗಳನ್ನು ಪ್ರದರ್ಶಿಸಿದಾಗ ಜನ ಸಾಲುಗಟ್ಟಿದ್ದರು. ಬ್ರಿಟನ್ನಿನ ರಾಷ್ಟ್ರೀಯ ಮ್ಯೂಸಿಯಂ ಒಂದು ಬದುಕಿರುವ ಒಬ್ಬನೇ ಛಾಯಾಚಿತ್ರಕಾರನಿಗೆ ಮೀಸಲಿಟ್ಟ ಮೊದಲ ಸಮಗ್ರ ಪ್ರದರ್ಶನ ಅದು. ಅವೆಡನ್‌ನ ಕೆಲಸವೂ 1962ರಲ್ಲೇ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆಯನ್ನು ಪ್ರವೇಶಿಸಿತ್ತು. ಆದರೆ ಆತ ಕಲಾಜಗತ್ತಿನಲ್ಲಿ ಮಾನ್ಯತೆ ಬಯಸಿದ್ದು ಬೇರೆ ಚಿತ್ರಗಳಿಗೆ, ಮನುಷ್ಯರ ಭಾವಚಿತ್ರಗಳಿಗೆ. 1963ರಲ್ಲಿ ಅಮೆರಿಕದ ದಕ್ಷಿಣಕ್ಕೆ ಹೋಗಿ ನಾಗರಿಕ ಹಕ್ಕುಗಳ ಹೋರಾಟಗಾರರನ್ನೂ, ಗುಲಾಮನಾಗಿ ಹುಟ್ಟಿದ ವೃದ್ಧನೊಬ್ಬನನ್ನೂ ಚಿತ್ರಿಸಿದ. ಮರುವರ್ಷ, ಶಾಲಾದಿನಗಳಲ್ಲಿ ತನ್ನೊಡನೆ ಪತ್ರಿಕೆ ಸಂಪಾದಿಸಿದ್ದ ಗೆಳೆಯ, ಲೇಖಕ ಜೇಮ್ಸ್ ಬಾಲ್ಡ್‌ವಿನ್ ಜೊತೆ ಸೇರಿ ಪುಸ್ತಕ ತಂದ. ಫ್ಯಾಶನ್ ಪುಟದಲ್ಲೂ ಒಂದು ಹೋರಾಟ ನಡೆಸಿದ್ದುಂಟು. ಷಾಂಘೈನಲ್ಲಿ ಹುಟ್ಟಿದ ಚೀನಾ ಮಚಾಡೊಳ ಚಿತ್ರಗಳು 1959ರಲ್ಲಿ ‘ಹಾರ್ಪರ್ಸ್ ಬಜಾರ್’ನಲ್ಲಿ ಬಂದವು. ಬಿಳಿಯಳಲ್ಲದ ರೂಪದರ್ಶಿಯನ್ನು ಹಾಕಲು ಮಾಲೀಕರು ಹಿಂಜರಿದಾಗ, ಹಾಕದಿದ್ದರೆ ತಾನು ಒಪ್ಪಂದ ಮುಂದುವರಿಸುವುದಿಲ್ಲ ಎಂದು ಅವೆಡನ್ ಪಟ್ಟು ಹಿಡಿದಿದ್ದ ಎಂಬುದನ್ನು ಮಚಾಡೊ ನಂತರದ ದಿನಗಳಲ್ಲಿ ಹೇಳಿಕೊಂಡಿದ್ದಾಳೆ.

1974ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ ಆತ ಪ್ರದರ್ಶಿಸಿದ್ದು ಕೆಲವೇ ಕೆಲವು ಚಿತ್ರಗಳು, ಅಷ್ಟೂ ತಂದೆಯವು. ಕ್ಯಾನ್ಸರಿನಿಂದ ದಿನದಿನಕ್ಕೆ ಕರಗುತ್ತ ಹೋದ ಜೇಕಬ್ ಇಸ್ರೇಲ್ ಅವೆಡನ್. ಮೊದಲ ಚಿತ್ರಗಳಲ್ಲಿ ಸೂಟು ತೊಟ್ಟ ವ್ಯಾಪಾರಿ, ಕೊನೆಯವುಗಳಲ್ಲಿ ಆಸ್ಪತ್ರೆಯ ನಿಲುವಂಗಿ, ಗಾಬರಿಗೊಂಡ ಕಣ್ಣು. ಎರವಲು ನಾಯಿಗಳ ಆಲ್ಬಂನಲ್ಲಿ ಸದಾ ಚೆಲುವಾಗಿ ಕಾಣಲು ಬಯಸಿದ್ದ ಮನುಷ್ಯನನ್ನು ಮಗ ಹೀಗೆ ಸಾರ್ವಜನಿಕ ಗೋಡೆಗೆ ತಂದ. ಮೆಚ್ಚುಗೆಯ ಜೊತೆಗೇ ಇದು ಕ್ರೌರ್ಯವಲ್ಲವೇ ಎಂಬ ಮಾತೂ ಬಂತು. ಆ ಮಾತನ್ನು ಸುಲಭಕ್ಕೆ ತಳ್ಳಿಹಾಕುವಂತಿಲ್ಲ.

ಕ್ರೌರ್ಯದ ಆರೋಪ ಬರಲು ಅವೆಡನ್‌ನ ವಿಧಾನವೂ ಕಾರಣ. ಭಾವಚಿತ್ರ ತೆಗೆಯುವಾಗ ಆತ ಮೇಜು, ಕುರ್ಚಿ, ಕಿಟಕಿ ಎಲ್ಲವನ್ನೂ ತೆಗೆದುಹಾಕಿ ಬಿಳಿ ಕಾಗದದ ಮುಂದೆ ಜನರನ್ನು ನಿಲ್ಲಿಸುತ್ತಿದ್ದ. ಆಸರೆಗೆ ಏನೂ ಇಲ್ಲ, ಕೈ ಎಲ್ಲಿಡುವುದೆಂದೂ ತಿಳಿಯದು. ಸಿಂಹಾಸನ ತೊರೆದ ಇಂಗ್ಲೆಂಡಿನ ಎಂಟನೇ ಎಡ್ವರ್ಡ್, ಅಂದರೆ ಡ್ಯೂಕ್ ಆಫ್ ವಿಂಡ್ಸರ್, ಮತ್ತು ಆತನ ಪತ್ನಿಯ ಚಿತ್ರವನ್ನು 1957ರಲ್ಲಿ ತೆಗೆದ ಪ್ರಸಂಗವನ್ನು ಅವೆಡನ್ನೇ ಹೇಳಿಕೊಂಡಿದ್ದಾನೆ. ಸಾವಿರ ಬಾರಿ ಫೋಟೊ ತೆಗೆಸಿಕೊಂಡ ದಂಪತಿ, ಅಭ್ಯಾಸವಾದ ಮಂದಹಾಸ ಬಿಡಲೊಲ್ಲರು. ಇಬ್ಬರಿಗೂ ನಾಯಿಗಳೆಂದರೆ ಪ್ರಾಣ ಎಂಬುದು ಗೊತ್ತಿದ್ದ ಅವೆಡನ್, ತಾನು ಬರುತ್ತಿದ್ದ ಟ್ಯಾಕ್ಸಿ ದಾರಿಯಲ್ಲಿ ನಾಯಿಯ ಮೇಲೆ ಹರಿಯಿತು ಎಂದ. ಶುದ್ಧ ಸುಳ್ಳು. ಇಬ್ಬರ ಮುಖವೂ ಒಮ್ಮೆಲೇ ಕುಸಿಯಿತು, ಕ್ಯಾಮೆರಾ ಕ್ಲಿಕ್ಕೆಂದಿತು. ಇಂದು ಆ ಚಿತ್ರದಲ್ಲಿ ಜನ ಕಾಣುವುದು ರಾಜ್ಯ ಕಳೆದುಕೊಂಡವರ ದುಗುಡವನ್ನು. ಅಲ್ಲಿರುವುದು ಇಲ್ಲದ ನಾಯಿಯೊಂದರ ಸಾವಿನ ದುಃಖ. ತನ್ನ ಚಿತ್ರಗಳು ಕರಾರುವಾಕ್ಕಾಗಿರಬಹುದು, ಸತ್ಯ ಅಂತೇನಲ್ಲ ಎಂಬರ್ಥದ ಮಾತನ್ನು ಆತ ಮುಚ್ಚುಮರೆಯಿಲ್ಲದೆ ಆಡುತ್ತಿದ್ದ.

ಈ ವಿಧಾನದ ದೊಡ್ಡ ಪರೀಕ್ಷೆ ನಡೆದದ್ದು ಟೆಕ್ಸಸ್‌ನಲ್ಲಿ. ಫೋರ್ಟ್ ವರ್ತ್ ನಗರದ ಏಮನ್ ಕಾರ್ಟರ್ ಮ್ಯೂಸಿಯಂ 1961ರಲ್ಲಿ ಆರಂಭವಾದದ್ದು. ಪತ್ರಿಕಾ ಮಾಲೀಕನೊಬ್ಬನ ಉಯಿಲಿನಿಂದ ಹುಟ್ಟಿದ ಸಂಸ್ಥೆ. ಕುದುರೆ ಸವಾರರು, ಕೌಬಾಯ್‌ಗಳು, ಎಮ್ಮೆ ಬೇಟೆ ಎಂದು ಅಮೆರಿಕದ ಪಶ್ಚಿಮವನ್ನು ವೀರಗಾಥೆಯಾಗಿಸಿದ ರೆಮಿಂಗ್ಟನ್ ಮತ್ತು ರಸೆಲ್‌ರ ಕೃತಿಗಳು ಅದರ ಮೂಲ ಸಂಗ್ರಹ. ಅಲ್ಲಿನ ನಿರ್ದೇಶಕ ಮಿಚೆಲ್ ವೈಲ್ಡರ್, 1978ರಲ್ಲಿ ಮೊಂಟಾನಾದಲ್ಲಿ ಅವೆಡನ್ ತೆಗೆದಿದ್ದ ಪಶುಪಾಲಕನೊಬ್ಬನ ಚಿತ್ರ ನೋಡಿ, ಇಡೀ ಪಶ್ಚಿಮವನ್ನೇ ಹೀಗೆ ಚಿತ್ರಿಸಿಕೊಡು ಎಂದು ಕೇಳಿದ. ಪ್ಯಾರಿಸ್ ಉಡುಪುಗಳ ಛಾಯಾಚಿತ್ರಕಾರನಿಗೆ ದನಗಾಹಿಗಳ ನಾಡಿನ ಮ್ಯೂಸಿಯಂ ಕೊಟ್ಟ ಈ ಕೆಲಸ ಆ ಕಾಲಕ್ಕೆ ಸಣ್ಣ ಧೈರ್ಯವಲ್ಲ.

1979ರ ಮಾರ್ಚ್‌ನಲ್ಲಿ ಕೆಲಸ ಶುರುವಾಯಿತು. ಮೊದಲ ತಾಣ ಟೆಕ್ಸಸ್‌ನ ಸ್ವೀಟ್‌ವಾಟರ್ ಎಂಬ ಊರು. ಅಲ್ಲಿ ವರ್ಷಕ್ಕೊಮ್ಮೆ ರ‍್ಯಾಟಲ್‌ಸ್ನೇಕ್ ಎಂಬ ವಿಷಸರ್ಪಗಳನ್ನು ರಾಶಿ ರಾಶಿಯಾಗಿ ಹಿಡಿದು ತರುವ ಜಾತ್ರೆ. ಹಾವಿನ ಚರ್ಮ ಸುಲಿಯುತ್ತಿದ್ದ 13 ವರ್ಷದ ಹುಡುಗನನ್ನು ರಕ್ತ ಮೆತ್ತಿದ ಏಪ್ರನ್ನಿನಲ್ಲೇ, ಸೀಳಿದ ಹಾವು ಕೈಯಲ್ಲಿರುವಂತೆಯೇ ಬಿಳಿ ಕಾಗದದ ಮುಂದೆ ನಿಲ್ಲಿಸಿ ತೆಗೆದ ಚಿತ್ರ ಈಗ ಪ್ರಸಿದ್ಧ. ಹುಡುಗನ ಮುಖದಲ್ಲಿ ಹೆಮ್ಮೆಯೂ ಇಲ್ಲ, ಭಯವೂ ಇಲ್ಲ. 1984ರವರೆಗೆ ಅವೆಡನ್ ಮತ್ತು ಸಂಗಡಿಗರು ಊರೂರು ಸುತ್ತಿದರು. ಎಣ್ಣೆಬಾವಿಯ ಕೂಲಿಗಳು, ಕಲ್ಲಿದ್ದಲು ಗಣಿಯವರು, ಕಸಾಯಿಖಾನೆಯ ಕೆಲಸಗಾರರು, ಟ್ರಕ್ ಚಾಲಕರು, ಹೋಟೆಲಿನ ಪರಿಚಾರಿಕೆಯರು, ಹೆದ್ದಾರಿಯಲ್ಲಿ ಅಲೆಯುವ ನಿರ್ಗತಿಕರು. ಒಟ್ಟು 752 ಜನರ ಮುಂದೆ ಕ್ಯಾಮೆರಾ ಹೂಡಿ, ಸುಮಾರು 17,000 ಫಿಲಂ ಹಾಳೆಗಳನ್ನು ಬಳಸಲಾಯಿತು. ಕ್ಯಾಮೆರಾ ಡಿಯರ್‌ಡಾರ್ಫ್ ಎಂಬ ಮರದ ಪೆಟ್ಟಿಗೆ, ಒಂದೊಂದು ಫಿಲಂ ಹಾಳೆ ಹತ್ತಿಂಚು ಎಂಟಿಂಚು, ಶಾಲಾ ಮಕ್ಕಳ ಸ್ಲೇಟಿನಷ್ಟು. ಯಾವುದೋ ಗೋಡೆಯ ನೆರಳಿನ ಬದಿಗೆ ಬಿಳಿ ಕಾಗದ ಅಂಟಿಸಿದರೆ ಸ್ಟುಡಿಯೊ ಸಿದ್ಧ. ದೀಪಗಳಿಲ್ಲ, ಬಯಲಿನ ಬೆಳಕೇ ಸಾಕು. ಅವೆಡನ್ ಕ್ಯಾಮೆರಾದ ಹಿಂದೆ ಅಡಗದೆ ಪಕ್ಕದಲ್ಲಿ ನಿಂತು ಎದುರಿರುವವರ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದ.

1985ರ ಸೆಪ್ಟೆಂಬರಿನಲ್ಲಿ ಫೋರ್ಟ್ ವರ್ತ್‌ನಲ್ಲಿ ಪ್ರದರ್ಶನ ತೆರೆಯಿತು. ಆಳುದ್ದದ ಚಿತ್ರಗಳು, ಬಿಳಿ ಬಯಲಿನಿಂದ ಎದ್ದು ಬಂದಂತಿರುವ ಜನ. ಅಡಿಬರಹದಲ್ಲಿ ನಾಲ್ಕೇ ಸಂಗತಿ: ಹೆಸರು, ಕಸುಬು, ಊರು, ತಾರೀಖು. ಫ್ಯಾಶನ್ ಪುಟದಲ್ಲಿ ಉಡುಪಿಗೆ ಸಿಗುತ್ತಿದ್ದ ಶ್ರದ್ಧೆಯ ವಿವರಣೆ ಇಲ್ಲಿ ಬಟ್ಟೆ ಹರಿದವನಿಗೆ ಸಿಕ್ಕಿತ್ತು. ಬಟ್ಟೆಯನ್ನು ನೋಡುವ ಪಳಗಿದ ಕಣ್ಣು ಮಾತ್ರ ಎಲ್ಲಿಯೂ ಹೋಗಿರಲಿಲ್ಲ. ಕಲ್ಲಿದ್ದಲಿನ ಮಸಿ ಅಂಗಿಯ ಮಡಿಕೆಯಲ್ಲಿ ಕೂತ ಬಗೆ, ಎಣ್ಣೆ ಕುಡಿದು ಹೊಳೆಯುವ ದಗಲೆ, ಹೊಲಿಗೆ ಬಿಟ್ಟ ಕೋಟು ಇವೆಲ್ಲ ಡಿಯೊರ್ ರೇಷ್ಮೆಯಷ್ಟೇ ಅಚ್ಚುಕಟ್ಟಾಗಿ ಮೂಡಿದ್ದವು.

ಸ್ಥಳೀಯರಲ್ಲಿ ಹಲವರಿಗೆ ಸಿಟ್ಟು ಬಂತು. ನಮ್ಮ ಪಶ್ಚಿಮದಲ್ಲಿ ಇರುವುದು ಬರಿಯ ಸೋತವರೇ ಏನು? ನ್ಯೂಯಾರ್ಕಿನ ಸಿರಿವಂತನೊಬ್ಬ ಬಂದು ಬಡವರ ಮುಖವನ್ನು ಫ್ಯಾಶನ್ ಮಾಡಿಕೊಂಡ ಎಂದು ವಿಮರ್ಶಕರೂ ಬರೆದರು. ಅವರ ಬಳಿ ಒಳ್ಳೆಯ ಸಾಕ್ಷಿಯೂ ಇತ್ತು. ಇಡೀ ಸರಣಿಯಲ್ಲಿ ಹೆಚ್ಚು ಹೆಸರುವಾಸಿಯಾದ ಚಿತ್ರ, ಬೋಳುತಲೆಯ, ಹಾಲಿನಂತೆ ಬೆಳ್ಳಗಿರುವ, ಬರಿಮೈಯ ಜೇನು ಸಾಕುವವನದು. ಮೈಮೇಲೆಲ್ಲ ಜೇನುಹುಳಗಳು, ಮುಖದಲ್ಲಿ ಬುದ್ಧನ ಪ್ರಶಾಂತಿ. 1981ರ ಮೇ 9ರಂದು ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ತೆಗೆದದ್ದು. ಈ ಮನುಷ್ಯ ದಾರಿಯಲ್ಲಿ ಸಿಕ್ಕವನಲ್ಲ. ಮನಸ್ಸಿನಲ್ಲಿ ಮೂಡಿದ ಚಿತ್ರಕ್ಕೆ ತಕ್ಕ ವ್ಯಕ್ತಿ ಬೇಕೆಂದು ಅವೆಡನ್ ಜೇನುಸಾಕಣೆಯ ಪತ್ರಿಕೆಯೊಂದರಲ್ಲಿ ಜಾಹೀರಾತು ಕೊಟ್ಟಿದ್ದ. ಬಂದವನು ಪಶ್ಚಿಮದವನೇ ಅಲ್ಲ, ಷಿಕಾಗೊ ಕಡೆಯವನು. ರಾಣಿಜೇನಿನ ವಾಸನೆಯ ದ್ರವವನ್ನು ಕೀಟತಜ್ಞರೊಬ್ಬರಿಂದ ಅವನ ಮೈಗೆ ಹಚ್ಚಿಸಿ ಹುಳಗಳನ್ನು ಆಕರ್ಷಿಸಲಾಗಿತ್ತು. ಅಡಿಬರಹದಲ್ಲಿ ಕಸುಬೂ ಊರೂ ತಾರೀಖೂ ಇವೆ, ಒಂದೂ ಸುಳ್ಳಲ್ಲ, ಆದರೂ ಓದಿದವರು ಅವನನ್ನು ಕ್ಯಾಲಿಫೋರ್ನಿಯಾದವನೆಂದೇ ತಿಳಿಯುತ್ತಾರೆ. ಆನೆಗಳ ಮುಂದೆ ಡೊವಿಮಾಳನ್ನು ನಿಲ್ಲಿಸಿದವನದೇ ಕೈ ಇದು ಎಂಬುದರಲ್ಲಿ ಅನುಮಾನವಿಲ್ಲ.

ಹಾಗೆಂದು ಆ 752 ಜನರನ್ನು ಮರೆಯುವುದೂ ನ್ಯಾಯವಲ್ಲ. ಕೌಬಾಯ್ ಚಿತ್ರಗಳಿಂದ ತುಂಬಿದ್ದ ಮ್ಯೂಸಿಯಂ ಒಂದರಲ್ಲಿ ಗಣಿ ಕೆಲಸಗಾರನಿಗೆ ಹೆಸರು ಸಹಿತ ಗೋಡೆ ಸಿಕ್ಕಿದ್ದು ಈ ಫ್ಯಾಶನ್ ಛಾಯಾಚಿತ್ರಕಾರನಿಂದ. ಆ ಸರಣಿಯನ್ನು ಜನ ಈಗಲೂ ಹುಡುಕಿಕೊಂಡು ಹೋಗಿ ನೋಡುತ್ತಾರೆ. 2025ರಲ್ಲಿ, ಮೊದಲ ಪ್ರದರ್ಶನದ ನಲವತ್ತನೇ ವರ್ಷಕ್ಕೆ, ಅದು ಪ್ಯಾರಿಸ್ಸಿನ ಆಂರಿ ಕಾರ್ತಿಯೆ-ಬ್ರೆಸಾಂ ಪ್ರತಿಷ್ಠಾನದಲ್ಲಿ ಮತ್ತೆ ಗೋಡೆ ಏರಿತು.

ಮೆಟ್ರೊಪಾಲಿಟನ್ 2002ರಲ್ಲಿ ಅವೆಡನ್‌ನ ಇನ್ನೊಂದು ದೊಡ್ಡ ಪ್ರದರ್ಶನ ಏರ್ಪಡಿಸಿದಾಗ ಅದರ ಹೆಸರೇ ‘ಭಾವಚಿತ್ರಗಳು’. 1978ರಲ್ಲಿ ಗೋಡೆ ತುಂಬಿದ್ದ ಉಡುಪುಗಳು ಈ ಬಾರಿ ಹೊರಗೆ. ಆತ ಬಯಸಿದ್ದೂ ಇದನ್ನೇ. 2004ರ ಅಕ್ಟೋಬರ್ 1ರಂದು, ‘ನ್ಯೂಯಾರ್ಕರ್’ ವಾರಪತ್ರಿಕೆಗಾಗಿ ಅಮೆರಿಕದ ಚುನಾವಣಾ ವರ್ಷದ ಜನರನ್ನು ಚಿತ್ರಿಸುತ್ತಿದ್ದಾಗ, ಟೆಕ್ಸಸ್‌ನ ಸ್ಯಾನ್ ಆಂಟೋನಿಯೊದಲ್ಲಿ 81ನೇ ವಯಸ್ಸಿನಲ್ಲಿ ತೀರಿಕೊಂಡ. ಐದು ವರ್ಷಗಳ ಬಳಿಕ, 2009ರಲ್ಲಿ, ನ್ಯೂಯಾರ್ಕಿನ ಇಂಟರ್‌ನ್ಯಾಷನಲ್ ಸೆಂಟರ್ ಆಫ್ ಫೋಟೊಗ್ರಫಿಯಲ್ಲಿ ಬರೀ ಫ್ಯಾಶನ್ ಚಿತ್ರಗಳದೇ ಪ್ರದರ್ಶನ ನಡೆಯಿತು. ಆ ಹೊತ್ತಿಗೆ ಅವು ಮ್ಯೂಸಿಯಂಗೆ ತಕ್ಕವೋ ಅಲ್ಲವೋ ಎಂದು ಕೇಳುವವರು ಉಳಿದಿರಲಿಲ್ಲ.

ಆತ ಹುಟ್ಟಿದ ನೂರನೇ ವರ್ಷದಲ್ಲಿ, 2023ರ ಜನವರಿಯಿಂದ ಅಕ್ಟೋಬರ್‌ವರೆಗೆ, ಮೆಟ್ರೊಪಾಲಿಟನ್ ಪ್ರದರ್ಶಿಸಿದ್ದು ಮೂರು ಬೃಹತ್ ಸಮೂಹಚಿತ್ರಗಳನ್ನು. ಸುಮಾರು ಹತ್ತಡಿ ಎತ್ತರ, ಇಪ್ಪತ್ತರಿಂದ ಮೂವತ್ತೈದು ಅಡಿ ಅಗಲ. ಒಂದರಲ್ಲಿ, ವಿಯೆಟ್ನಾಂ ಯುದ್ಧ ವಿರೋಧಿಸಿದ್ದಕ್ಕಾಗಿ ವಿಚಾರಣೆ ಎದುರಿಸುತ್ತಿದ್ದ ‘ಷಿಕಾಗೊ ಏಳು ಮಂದಿ’, 1969ರಲ್ಲಿ. ಇನ್ನೊಂದರಲ್ಲಿ ಕಲಾವಿದ ಆಂಡಿ ವಾರ್ಹೋಲ್ ಮತ್ತು ಸಂಗಡಿಗರು. ಕೆಲವರು ಬಟ್ಟೆಯನ್ನೇ ಕಳಚಿ ನೆಲಕ್ಕೆ ಹಾಕಿ ನಿಂತಿದ್ದಾರೆ. ಮೂರನೆಯದು 1971ರ ಏಪ್ರಿಲ್ 28ರಂದು ಸೈಗಾನ್‌ನಲ್ಲಿ ತೆಗೆದದ್ದು: ಯುದ್ಧ ನಡೆಸುತ್ತಿದ್ದ ಅಮೆರಿಕನ್ ಅಧಿಕಾರಿಗಳು, ಹನ್ನೊಂದು ಮಂದಿ. ನಡುವೆ ರಾಯಭಾರಿ ಎಲ್ಸ್‌ವರ್ತ್ ಬಂಕರ್. 1957ರಿಂದ 1961ರವರೆಗೆ ದೆಹಲಿಯಲ್ಲಿ ಅಮೆರಿಕದ ರಾಯಭಾರಿಯಾಗಿದ್ದವನು ಈತನೇ. ಪಕ್ಕದಲ್ಲಿ ಸಮವಸ್ತ್ರದ ಜನರಲ್ ಅಬ್ರಾಮ್ಸ್, ಉಳಿದವರು ಸೂಟು, ಟೈಗಳಲ್ಲಿ. ಇಸ್ತ್ರಿ ಕೆಡದ ಪ್ಯಾಂಟು, ಪಾಲಿಷ್ ಮಾಡಿದ ಬೂಟು, ಅತ್ತಿತ್ತ ತೂಗುವ ಕೈಗಳು. ಷಿಕಾಗೊದ ಹೋರಾಟಗಾರರನ್ನು ಅನೇಕರು ಮುಖ ನೋಡಿಯೇ ಗುರುತಿಸಬಲ್ಲರು. ಒಂದು ಕಾಲಕ್ಕೆ ಲಕ್ಷಾಂತರ ಜನರ ಬದುಕು ಸಾವು ಕೈಯಲ್ಲಿದ್ದ ಈ ಹನ್ನೊಂದು ಮಂದಿ ಯಾರೆಂದು ತಿಳಿಯಲು ಮಾತ್ರ ಅಡಿಬರಹದತ್ತ ಬಾಗಬೇಕು.